‘ಅಕ್ಕ, ನೀನು ಆಗ ಏನೇನು ತಿಂತಿದ್ದೆ?’

ಕಳೆದ ವಾರ ರಾತ್ರಿ ಹತ್ತೂವರೆಗೆ ತಂಗಿಯಿಂದ ಒಂದು ವಾಟ್ಸಾಪ್ ಫಾರ್ವರ್ಡ್ ಬಂತು. ‘ಗರ್ಭಿಣಿಯರೇ ಎಚ್ಚರ! ಪ್ಲಾಸ್ಟಿಕ್‌ನಿಂದ ಹುಟ್ಟುವ ಮಗುವಿಗೆ ಅಲರ್ಜಿ, ಆಸ್ತಮಾ’ ಅಂತ ಕೆಂಪು ಅಕ್ಷರದಲ್ಲಿ. ಅವಳಿಗೀಗ ಐದು ತಿಂಗಳು. ಫಾರ್ವರ್ಡ್ ಕೆಳಗೆ ಅವಳದ್ದೇ ಒಂದು ಸಾಲು: ‘ಇದು ನಿಜಾನಾ? ಅಕ್ಕ, ನೀನು ಆಗ ಏನೇನು ತಿಂತಿದ್ದೆ?’

ಅವಳು ಭಯಕ್ಕೆ ಕೇಳಿದ್ದು, ಚುಚ್ಚೋಕಲ್ಲ. ಆದರೂ ಚುಚ್ಚಿತು. ನನ್ನ ಮಗನಿಗೆ ಈಗ ಆರು ವರ್ಷ. ಆರು ತಿಂಗಳ ಕೂಸಾಗಿದ್ದಾಗ ಕೆನ್ನೆ ಮೇಲೆ ಶುರುವಾದ ಎಕ್ಸಿಮಾ ಆಮೇಲೆ ಮೊಣಕಾಲ ಸಂದಿಗೆ ಇಳೀತು. ಮೂರು ದಾಟಿದ ಮೇಲೆ ಉಬ್ಬಸ. ಡಿಸೆಂಬರ್ ಚಳಿ ಬಂತೆಂದರೆ ನಮ್ಮ ಬ್ಯಾಗಲ್ಲಿ ಇನ್ಹೇಲರ್, ಸ್ಪೇಸರ್ ಇರಲೇಬೇಕು. ಅವನು ಹೊಟ್ಟೆಯಲ್ಲಿದ್ದಾಗ ನಾನು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಆಫೀಸಿಗೆ ಹೋಗ್ತಿದ್ದೆ. ದಿನಕ್ಕೆ ನಾಲ್ಕು ಪೇಪರ್ ಕಪ್ ಟೀ. ಬೆಳಿಗ್ಗೆ ಲೇಟಾದರೆ ಹೋಟೆಲ್ ಇಡ್ಲಿ ಪಾರ್ಸೆಲ್, ಜೊತೆಗೆ ಕವರಿನಲ್ಲಿ ಕುದಿಯೋ ಸಾಂಬಾರ್. ‘ಏನೇನು ತಿಂತಿದ್ದೆ’ ಅಂದರೆ ಇದನ್ನೇ.

ಆ ರಾತ್ರಿ ಅವಳಿಗೆ ‘ಮಲಗು, ನಾಳೆ ಹೇಳ್ತೀನಿ’ ಅಂತ ಕಳಿಸಿ ನಾನು ಓದ್ತಾ ಕೂತೆ. ಒಂದು ವಾರ ಓದಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ, ಯಾಕೆಂದರೆ ಈ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತೆ.

ಮೊದಲು, ಫಾರ್ವರ್ಡ್ ಪೂರ್ತಿ ಸುಳ್ಳಲ್ಲ. ಪ್ಲಾಸ್ಟಿಕ್ ಕುಲದಲ್ಲಿ ಎರಡು ಹೆಸರು ಪದೇ ಪದೇ ಬರುತ್ತವೆ. ಒಂದು ಥಾಲೇಟ್. ಪಿವಿಸಿ ಮೆತ್ತಗಾಗಲಿ, ಬಾಗಲಿ ಅಂತ ಬೆರೆಸುವ ಎಣ್ಣೆಯಂಥ ವಸ್ತು. ಅದು ಪ್ಲಾಸ್ಟಿಕ್‌ಗೆ ಅಂಟಿಕೊಂಡಿರಲ್ಲ, ಸುಮ್ಮನೆ ನಡುವೆ ಸೇರಿಕೊಂಡಿರುತ್ತೆ. ಹಾಗಾಗಿ ಬಿಸಿ ತಾಗಿದರೆ, ಜಿಡ್ಡು ಸಿಕ್ಕಿದರೆ ಈಚೆ ಬರುತ್ತೆ. ಇನ್ನೊಂದು ಬಿಸ್ಫೆನಾಲ್ ಎ, ಅಂದರೆ ಬಿಪಿಎ. ಗಾಜಿನ ಹಾಗೆ ಗಟ್ಟಿಯಾಗಿ, ಪಾರದರ್ಶಕವಾಗಿರೋ ಪಾಲಿಕಾರ್ಬೊನೇಟ್ ತಯಾರಾಗೋದೇ ಅದರಿಂದ. ಎರಡೂ ತಾಯಿಯ ರಕ್ತದಿಂದ ಮಾಸು ದಾಟಿ ಮಗುವಿಗೆ ಹೋಗಬಲ್ಲವು. ಹೊಟ್ಟೆಯಲ್ಲಿರುವಾಗ ಮಗುವಿನ ರೋಗನಿರೋಧಕ ವ್ಯವಸ್ಥೆ ಇನ್ನೂ ಯಾವುದು ಶತ್ರು, ಯಾವುದು ಪಾಪದ್ದು ಅಂತ ಕಲಿಯೋ ಹಂತದಲ್ಲಿರುತ್ತೆ. ಆ ಕಲಿಕೆಯಲ್ಲಿ ಈ ವಸ್ತುಗಳು ಕೈಯಾಡಿಸಿದರೆ ಧೂಳು, ಮೊಟ್ಟೆ, ಹಾಲಿನಂಥ ಪಾಪದ ವಸ್ತುಗಳ ಮೇಲೂ ದೇಹ ಯುದ್ಧಕ್ಕೆ ನಿಲ್ಲಬಹುದು ಅನ್ನೋದು ವಿಜ್ಞಾನಿಗಳ ಅನುಮಾನ.

ಅನುಮಾನಕ್ಕೆ ಆಧಾರ ಇದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು 300 ಮಕ್ಕಳನ್ನು ಹೊಟ್ಟೆಯಲ್ಲಿದ್ದಾಗಿನಿಂದ ಹಿಂಬಾಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ತುಂಬಾ ಹೆಸರಾಯಿತು. ಗರ್ಭಿಣಿಯಾಗಿದ್ದಾಗ ತಾಯಿಯ ಮೂತ್ರದಲ್ಲಿ ಎರಡು ಬಗೆಯ ಥಾಲೇಟ್ ಹೆಚ್ಚಿದ್ದರೆ, 5ರಿಂದ 11 ವರ್ಷದೊಳಗೆ ಮಗುವಿಗೆ ಆಸ್ತಮಾ ಬರುವ ಅಪಾಯ ಒಂದರಲ್ಲಿ ಶೇ 72, ಇನ್ನೊಂದರಲ್ಲಿ ಶೇ 78 ಜಾಸ್ತಿ. ಫಾರ್ವರ್ಡ್‌ನಲ್ಲಿ ‘100ರಲ್ಲಿ 72 ಮಕ್ಕಳಿಗೆ ಆಸ್ತಮಾ’ ಅಂತಿತ್ತು. ಅದು ತಪ್ಪು. ಕಡಿಮೆ ಥಾಲೇಟ್ ಇದ್ದ ತಾಯಂದಿರ ಮಕ್ಕಳಿಗೆ ಹೋಲಿಸಿದರೆ ಇಷ್ಟು ಹೆಚ್ಚು ಅನ್ನೋದಷ್ಟೇ ಅದರ ಅರ್ಥ. ಆ ಮಕ್ಕಳು ಬೆಳೆದದ್ದೂ ಆಸ್ತಮಾ ಮೊದಲೇ ಜಾಸ್ತಿ ಇದ್ದ ನ್ಯೂಯಾರ್ಕಿನ ಬಡ ಬಡಾವಣೆಗಳಲ್ಲಿ.

ಈಗ ಫಾರ್ವರ್ಡ್‌ನಲ್ಲಿ ಇಲ್ಲದ್ದು. ಅದೇ ಕೊಲಂಬಿಯಾದ ತಂಡ 2013ರಲ್ಲಿ ಬಿಪಿಎ ಬಗ್ಗೆ ನೋಡಿದಾಗ ಉಲ್ಟಾ ಕಂಡಿತ್ತು. ಗರ್ಭದಲ್ಲಿದ್ದಾಗ ಬಿಪಿಎ ಹೆಚ್ಚಿದ್ದ ಮಕ್ಕಳಿಗೆ ಐದನೇ ವರ್ಷದಲ್ಲಿ ವೀಸಿಂಗ್ ಕಡಿಮೆ! ಹುಟ್ಟಿದ ಮೇಲೆ ಮಗುವಿನ ಮೈಗೆ ಸೇರಿದ ಬಿಪಿಎ ಜೊತೆ ಮಾತ್ರ ವೀಸಿಂಗ್ ಹೆಚ್ಚಿತ್ತು. ಸಿನ್ಸಿನಾಟಿಯ ಇನ್ನೊಂದು ಅಧ್ಯಯನದಲ್ಲಿ ತಾಯಿಯ ಬಿಪಿಎಗೂ ಆರು ತಿಂಗಳ ಮಗುವಿನ ವೀಸಿಂಗ್‌ಗೂ ನಂಟು ಕಂಡರೂ, ಮೂರು ವರ್ಷ ಆಗೋ ಹೊತ್ತಿಗೆ ಅದು ಮಾಯ. ಒಂದು ಅಧ್ಯಯನ ಹೌದು ಅನ್ನುತ್ತೆ, ಇನ್ನೊಂದು ಅಲ್ಲ ಅನ್ನುತ್ತೆ.

ಯಾಕೆ ಹೀಗೆ? ಒಂದು ಕಾರಣ ಸಿಂಪಲ್ ಆಗಿದೆ. ಈ ವಸ್ತುಗಳು ಮೈಯಲ್ಲಿ ನಿಲ್ಲಲ್ಲ. ಬೆಳಿಗ್ಗೆ ಹೊಕ್ಕಿದ್ದು ಬಹುಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೊರಗೆ. ಹಾಗಾಗಿ ಒಂದೋ ಎರಡೋ ಸಲ ಸ್ಯಾಂಪಲ್ ತೆಗೆದು ‘ಈ ತಾಯಿಯ ಒಂಬತ್ತು ತಿಂಗಳು ಹೀಗಿತ್ತು’ ಅನ್ನೋದು, ಭಾನುವಾರದ ಊಟ ನೋಡಿ ಇಡೀ ತಿಂಗಳ ಅಡುಗೆ ಹೇಳಿದ ಹಾಗೆ.

ತಂಗಿಗೆ ಇದನ್ನೇ ಒತ್ತಿ ಹೇಳಿದೆ, ಯಾಕೆಂದರೆ ಇದರಲ್ಲೇ ಅವಳಿಗೆ ಬೇಕಾದ ಸಮಾಧಾನವೂ ಇದೆ. ನಿಲ್ಲಲ್ಲ ಅಂದರೆ ಇಳಿಸಬಹುದು. ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಐದು ಕುಟುಂಬಗಳಿಗೆ ಮೂರು ದಿನ ಪ್ಯಾಕೆಟ್, ಡಬ್ಬಿ ಆಹಾರ ಬಿಡಿಸಿ, ತಾಜಾ ಅಡುಗೆ ಮಾತ್ರ ಕೊಟ್ಟು ನೋಡಿದರು. 2011ರ ಪ್ರಯೋಗ. ಮೂತ್ರದಲ್ಲಿ ಬಿಪಿಎ ಸರಾಸರಿ ಶೇ 66 ಇಳಿಯಿತು, ಒಂದು ಮುಖ್ಯ ಥಾಲೇಟ್ ಅರ್ಧಕ್ಕಿಂತ ಕೆಳಗೆ ಬಂತು. ಬರೀ ಮೂರು ದಿನದಲ್ಲಿ. ಹಾಗಂತ ಅಲರ್ಜಿ ತಪ್ಪುತ್ತೆ ಅಂತ ಅಲ್ಲ, ಅದನ್ನು ಅವರು ನೋಡಲೂ ಇಲ್ಲ. ಆದರೆ ಐದನೇ ತಿಂಗಳಲ್ಲಿ ‘ಆಗಿದ್ದು ಆಗೋಯ್ತು’ ಅಂತ ಕೈಚೆಲ್ಲಬೇಕಾಗಿಲ್ಲ.

ಸರಿ, ಮೈಸೂರಲ್ಲಿ ಕೂತು ಏನು ಇಳಿಸೋದು? ನಮ್ಮಲ್ಲಿ ಅಮೆರಿಕದ ಹಾಗೆ ಡಬ್ಬಿ ಆಹಾರ ಯಾರೂ ತಿನ್ನಲ್ಲ. ನಮ್ಮದು ಬಿಸಿ ಊಟದ ಕಥೆ. 2025ರ ಫೆಬ್ರವರಿ ನೆನಪಿದೆಯಾ? ರಾಜ್ಯದ ಆಹಾರ ಸುರಕ್ಷತಾ ಇಲಾಖೆಯವರು ಸುಮಾರು 250 ಕಡೆ ಇಡ್ಲಿ ಪರೀಕ್ಷೆ ಮಾಡಿದಾಗ ಐವತ್ತಕ್ಕೂ ಹೆಚ್ಚು ಕಡೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸ್ತಿದ್ದರು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೋಟೆಲುಗಳಲ್ಲಿ ಅದನ್ನು ನಿಷೇಧಿಸುವುದಾಗಿ ಹೇಳಿದರು. ಮಲ್ಲಿಗೆ ಇಡ್ಲಿಯ ಊರಿನವರಿಗೆ ಆ ಸುದ್ದಿ ಒಂಥರಾ ಅವಮಾನ. ಒದ್ದೆ ಬಟ್ಟೆ ಮೇಲೆ ಹಿಟ್ಟು ಹೊಯ್ದು, ಬೆಂದ ಮೇಲೆ ನೀರು ಚಿಮುಕಿಸಿ ಎಬ್ಬಿಸೋದು ನಮ್ಮಜ್ಜಿಗೆ ಗೊತ್ತಿತ್ತು. ಬಟ್ಟೆ ಒಗೀಬೇಕು, ಹಾಳೆ ಬಿಸಾಕಬಹುದು, ವ್ಯತ್ಯಾಸ ಅಷ್ಟೇ.

ಕವರಿನ ಸಾಂಬಾರ್ ಬಗ್ಗೆ ಸ್ವಲ್ಪ ನ್ಯಾಯವಾಗಿ ಹೇಳಬೇಕು. ಮಾಮೂಲಿ ಪಾಲಿಥಿನ್ ತಾನಾಗಿಯೇ ಮೆತ್ತಗಿರುತ್ತೆ, ಅದಕ್ಕೆ ಥಾಲೇಟ್ ಬೆರೆಸಬೇಕಾದ ಅಗತ್ಯ ಇಲ್ಲ. ಸಮಸ್ಯೆ ಏನೆಂದರೆ, ಆ ಕವರ್ ಯಾವ ಪ್ಲಾಸ್ಟಿಕ್‌ನದ್ದು, ಮರುಬಳಕೆಯದ್ದಾ, ಬಣ್ಣ ಏನು ಅಂತ ಕಟ್ಟಿಕೊಡೋ ಹುಡುಗನಿಗೂ ಗೊತ್ತಿರಲ್ಲ. ಕುದಿಯೋ ಸಾಂಬಾರ್, ಮೇಲೆ ತೇಲೋ ಎಣ್ಣೆ, ಗೊತ್ತಿಲ್ಲದ ಪ್ಲಾಸ್ಟಿಕ್: ಮೂರೂ ಸೇರೋದು ಬೇಡ ಅನ್ನೋದಷ್ಟೇ ನನ್ನ ಲೆಕ್ಕ.

ಪೇಪರ್ ಕಪ್ ಕೂಡ ಬರೀ ಪೇಪರ್ ಅಲ್ಲ, ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಪದರ ಇರುತ್ತೆ. ಅಂಥ ಕಪ್ಪಿನಲ್ಲಿ 100 ಎಂಎಲ್ ಬಿಸಿ ನೀರು ಹದಿನೈದು ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಕಣಗಳು ನೀರಿಗೆ ಬರುತ್ತವೆ ಅಂತ ಐಐಟಿ ಖರಗ್‌ಪುರದವರು 2020ರಲ್ಲಿ ತೋರಿಸಿದರು. ಕಣ ಬೇರೆ, ಥಾಲೇಟ್ ಬೇರೆ, ಎರಡನ್ನೂ ಕಲಸಬಾರದು. ಆದರೂ ಓದಿದ ಮೇಲೆ ನನ್ನ ನಾಲ್ಕು ಟೀಗಳ ಲೆಕ್ಕ ಹಾಕದೆ ಇರೋಕಾಗಲಿಲ್ಲ. ಹದಿನೈದು ನಿಮಿಷ ಯಾರು ಟೀ ಇಟ್ಕೊಂಡು ಕೂತಿರ್ತಾರೆ ಅಂತೀರಾ? ಕ್ಲೈಂಟ್ ಕಾಲ್‌ನಲ್ಲಿ ಮ್ಯೂಟ್ ಮಾಡಿಕೊಂಡು ಕೂತೋರನ್ನ ಕೇಳಿ.

ಇನ್ನು ನೆಲ. ಸ್ವೀಡನ್ನಿನಲ್ಲಿ 2004ರಲ್ಲಿ ಮಕ್ಕಳ ಮಲಗೋ ಕೋಣೆಯ ಧೂಳು ಪರೀಕ್ಷಿಸಿದಾಗ, ಥಾಲೇಟ್ ಹೆಚ್ಚಿದ್ದ ಕೋಣೆಗಳ ಮಕ್ಕಳಲ್ಲಿ ಎಕ್ಸಿಮಾ, ಅಲರ್ಜಿ ನೆಗಡಿ, ಆಸ್ತಮಾ ಹೆಚ್ಚು ಕಂಡವು. ಥಾಲೇಟಿನ ಒಂದು ಮೂಲ ಪಿವಿಸಿ ನೆಲಹಾಸು. ನಮ್ಮ ತಂಗಿ ಕುವೆಂಪುನಗರದ ಬಾಡಿಗೆ ಮನೆಯಲ್ಲಿ ಮಗುವಿನ ಕೋಣೆಗೆ ಅಂತ ಮರದ ಡಿಸೈನಿನ ವಿನೈಲ್ ಶೀಟ್ ಆರ್ಡರ್ ಮಾಡೋದರಲ್ಲಿದ್ದಳು. ಕ್ಯಾನ್ಸಲ್ ಮಾಡಿಸಿದೆ. ಕೆಳಗಿರೋದು ಹಳೇ ರೆಡ್ ಆಕ್ಸೈಡ್ ನೆಲ ಕಣೆ, ಒದ್ದೆ ಬಟ್ಟೆಯಲ್ಲಿ ಒರೆಸು ಸಾಕು ಅಂದೆ.

ಮೈಸೂರಿನವಳಾಗಿ ಊದುಬತ್ತಿ ವಿಷಯ ಬಿಡೋಕಾಗಲ್ಲ. ಸುಗಂಧ ತೆಳುವಾಗಿಸೋಕೆ ಡೈಈಥೈಲ್ ಥಾಲೇಟ್ ಬಳಸೋದು ಆ ಉದ್ಯಮದಲ್ಲಿ ಮಾಮೂಲು. ನ್ಯೂಯಾರ್ಕ್ ಅಧ್ಯಯನದಲ್ಲಿ ಆಸ್ತಮಾ ಜೊತೆ ತಳುಕು ಹಾಕಿಕೊಂಡ ಎರಡು ಥಾಲೇಟ್‌ಗಳಲ್ಲಿ ಇದಿಲ್ಲ. ಆದರೆ ಹೊಗೆ ಹೊಗೆಯೇ. ನನ್ನ ಮಗ ದೇವರಮನೆ ಬಾಗಿಲಲ್ಲಿ ಕೆಮ್ಮೋದಕ್ಕೆ ಯಾವ ಸಂಶೋಧನೆಯೂ ಬೇಕಿಲ್ಲ. ನಮ್ಮನೇಲಿ ಈಗ ತುಪ್ಪದ ದೀಪ ಮಾತ್ರ. ಅತ್ತೆ ಒಂದು ತಿಂಗಳು ಗೊಣಗಿದರು, ಈಗ ಅವರೇ ಮೊಮ್ಮಗನಿಗೋಸ್ಕರ ಕಿಟಕಿ ತೆಗೀತಾರೆ.

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಬೇರೆ ಕಡೆ. ಎಲ್ಲಾ ಫಾರ್ವರ್ಡ್‌ಗಳೂ ‘ಗರ್ಭಿಣಿಯರೇ ಎಚ್ಚರ’ ಅಂತಲೇ ಯಾಕೆ ಶುರುವಾಗ್ತವೆ? ಹಾಲೂಡಿಸೋ ಪ್ಲಾಸ್ಟಿಕ್ ಬಾಟಲಿಯಲ್ಲಿ ಬಿಪಿಎ ಇರಬಾರದು ಅಂತ ನಮ್ಮ ಬಿಐಎಸ್ ಮಾನದಂಡ 2015ರಲ್ಲೇ ಹೇಳಿತು. ಒಳ್ಳೆಯದೇ. ಆದರೆ ಆ ಬಾಟಲಿ ಬರೋದು ಮಗು ಹುಟ್ಟಿದ ಮೇಲೆ. ಅದಕ್ಕಿಂತ ಮೊದಲಿನ ಒಂಬತ್ತು ತಿಂಗಳು ತಾಯಿ ಕುಡಿಯೋ ಇಪ್ಪತ್ತು ಲೀಟರ್ ನೀರಿನ ಕ್ಯಾನು? ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಬಿಪಿಎಯ ದಿನದ ಸುರಕ್ಷಿತ ಮಿತಿಯನ್ನು ಒಂದೇ ಏಟಿಗೆ 20,000 ಪಟ್ಟು ಇಳಿಸಿತು. ಅದಕ್ಕೆ ಮುಖ್ಯ ಆಧಾರ, ಗರ್ಭಿಣಿ ಇಲಿಗಳಿಗೆ ಬಿಪಿಎ ಕೊಟ್ಟಾಗ ಮರಿಗಳ ರೋಗನಿರೋಧಕ ಕಣಗಳಲ್ಲಿ ಕಂಡ ಏರುಪೇರು. 2024ರ ಡಿಸೆಂಬರ್‌ನಲ್ಲಿ ಅಲ್ಲಿ ಆಹಾರಕ್ಕೆ ತಾಗುವ ವಸ್ತುಗಳಲ್ಲೇ ಬಿಪಿಎ ನಿಷೇಧಿಸುವ ನಿಯಮ ಬಂತು. ಅಲ್ಲಿ ನಿಯಮ ತಯಾರಕನಿಗೆ, ಇಲ್ಲಿ ಎಚ್ಚರಿಕೆ ಬಸುರಿಗೆ.

ಇಂಥ ಪ್ರಶ್ನೆಗೆ ಉತ್ತರ ಹುಡುಕೋ ಶಕ್ತಿ ನಮ್ಮೂರಿಗಿದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ 830 ಗರ್ಭಿಣಿಯರನ್ನು ಸೇರಿಸಿಕೊಂಡು, ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಪ್ರಪಂಚಕ್ಕೇ ಗೊತ್ತು. ಅಲ್ಲಿ ಹುಡುಕಿದ್ದು ಸಕ್ಕರೆ ಕಾಯಿಲೆಯ ಬೇರು. ನ್ಯೂಯಾರ್ಕಿನ ಮೂತ್ರದ ಲೆಕ್ಕಕ್ಕಿಂತ ಮೈಸೂರಿನ ತಾಯಂದಿರ ಲೆಕ್ಕ ನನ್ನ ತಂಗಿಗೆ ಹೆಚ್ಚು ಉಪಯೋಗಕ್ಕೆ ಬರ್ತಿತ್ತು.

ಹಾಗಾದರೆ ನನ್ನ ಮಗನ ಎಕ್ಸಿಮಾಗೆ ನನ್ನ ಟೀ ಕಾರಣಾನಾ? ಇದನ್ನ ಅವನ ಡಾಕ್ಟರ್ ಹತ್ತಿರ ಬಾಯಿಬಿಟ್ಟು ಕೇಳಿದೆ. ಅವರು ನಗಲಿಲ್ಲ. ‘ಇವರ ಅಪ್ಪನಿಗೆ ಏನಾದ್ರೂ ಇತ್ತಾ?’ ಅಂದರು. ನನ್ನ ಗಂಡನಿಗೆ ಚಿಕ್ಕಂದಿನಲ್ಲಿ ಉಬ್ಬಸ, ಈಗಲೂ ಮನೆ ಧೂಳು ಹೊಡೆದರೆ ಇಪ್ಪತ್ತು ಸೀನು. ನನಗೆ ಬೆಳಗಿನ ನೆಗಡಿ. ‘ಇಬ್ಬರದ್ದೂ ಸೇರಿ ಬಂದಿರೋದು ದೊಡ್ಡ ಪಾಲು. ಉಳಿದದ್ದನ್ನು ಒಂದು ಮಗುವಿನಲ್ಲಿ ಬೇರೆ ಮಾಡಿ ತೋರಿಸೋ ಟೆಸ್ಟ್ ಇಲ್ಲಮ್ಮ. ಮಾಯಿಶ್ಚರೈಸರ್ ದಿನಾ ಹಚ್ಚಿ.’ ಅಷ್ಟೇ. ಆರು ವರ್ಷದಿಂದ ಹೊತ್ತಿದ್ದ ಒಂದು ಮೂಟೆಯನ್ನು ಆ ಮನುಷ್ಯ ಎರಡು ನಿಮಿಷದಲ್ಲಿ ಅರ್ಧ ಇಳಿಸಿದರು. ಅರ್ಧ ಇನ್ನೂ ಇದೆ, ಸುಳ್ಳು ಯಾಕೆ ಹೇಳಲಿ.

ತಂಗಿಗೆ ಕೊನೆಗೆ ಕಳಿಸಿದ ಮೆಸೇಜ್ ಹೀಗಿತ್ತು: ಆಫೀಸಲ್ಲಿ ಸ್ಟೀಲ್ ಲೋಟ ಇಟ್ಕೋ. ಬಿಸಿ ಅಡುಗೆ ಪ್ಲಾಸ್ಟಿಕ್‌ಗೆ ಹಾಕಬೇಡ, ಮೈಕ್ರೋವೇವ್‌ಗಂತೂ ಬೇಡವೇ ಬೇಡ. ಪಾರ್ಸೆಲ್ ತರೋಕೆ ಭಾವನ ಕೈಗೆ ಸ್ಟೀಲ್ ಕ್ಯಾರಿಯರ್ ಕೊಡು. ಆ ಗೀರು ಬಿದ್ದ ಹಳೇ ನೀರಿನ ಕ್ಯಾನ್ ಬಿಸಾಕು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರೆ ಪೈಪ್ ಪಿವಿಸಿ ಅಂತ ತಕರಾರು ತೆಗೀಬೇಡ, ಅದು ಬೇಕಾದ್ದು. ಒಂದು ದಿನ ಹೋಟೆಲ್ ಸಾಂಬಾರ್ ಕವರಲ್ಲೇ ಬಂದರೆ ತಿಂದು ಮಲಗು, ಅಳಬೇಡ. ಮತ್ತೆ, ನಾನು ಆಗ ತಿಂದಿದ್ದು ಇಡ್ಲಿ-ಸಾಂಬಾರ್, ನಾಲ್ಕು ಟೀ.

ಎರಡು ನೀಲಿ ಟಿಕ್ ಬಂತು. ಸ್ವಲ್ಪ ಹೊತ್ತಿಗೆ ಉತ್ತರ: ‘ಲೋಟ ಒಂದಲ್ಲ ಅಕ್ಕ, ಆರು ತಗೊಂಡು ಬಾ. ನಮ್ಮ ಟೀಮಲ್ಲಿ ಇನ್ನೂ ಇಬ್ಬರು ಬಸುರಿಯರಿದ್ದಾರೆ, ಉಳಿದವರಿಗೂ ಬೇಕಂತೆ.’ ಶನಿವಾರ ದೇವರಾಜ ಮಾರ್ಕೆಟ್ ಕಡೆ ಹೋಗ್ತಿದ್ದೀನಿ.