ಬೆಕ್ಕಿಗೂ ಬಂತು ಇನ್ಶೂರೆನ್ಸ್: ಕಂತು ಕಟ್ಟೋ ಮುಂಚೆ ಬಿಲ್ ಸಿಗುತ್ತಾ ನೋಡಿ

ಹಸು, ಎಮ್ಮೆಗೆ ವಿಮೆ ಮಾಡಿಸೋದು ತಾಲೂಕಿನ ಜನರಿಗೆ ಹೊಸದೇನಲ್ಲ. ಈಗ ಬೆಕ್ಕಿಗೂ ವಿಮೆ ಬಂದಿದೆ. ಮೊಬೈಲ್‌ನಲ್ಲೇ ಫಾರಂ ತುಂಬಿ, ಫೋಟೋ ಹಾಕಿ, ದುಡ್ಡು ಕಟ್ಟಿದರೆ ಪಾಲಿಸಿ ಸಿಗುತ್ತದೆ. ಪಾಲಿಸಿ ಸಿಗೋದು ಸುಲಭ, ಕ್ಲೈಮ್ ಸಿಗೋದು ಅಷ್ಟು ಸುಲಭ ಅಲ್ಲ. ಸಣ್ಣ ಊರಿನವರಿಗೆ ಇದು ಇನ್ನೂ ಕಷ್ಟ.

ದೇಶದಲ್ಲಿ ನಾಯಿಗೆ ವಿಮೆ ಕೊಡುವ ಕಂಪನಿಗಳು ಹಲವು. ಬೆಕ್ಕಿಗೆ ಕೊಡುವವು ಕೆಲವೇ. ಹಾಗಾಗಿ ಜಾಹೀರಾತಿನಲ್ಲಿ 'ಪೆಟ್ ಇನ್ಶೂರೆನ್ಸ್' ಅಂತ ಕಂಡ ಕೂಡಲೇ ದುಡ್ಡು ಕಟ್ಟಬಾರದು. ಅದರಲ್ಲಿ ಬೆಕ್ಕು ಸೇರಿದೆಯಾ, ಎಷ್ಟು ವಯಸ್ಸಿನವರೆಗೆ ಅಂತ ಮೊದಲು ಕೇಳಬೇಕು.

ಹಸುವಿನ ವಿಮೆ ಬೇರೆ, ಬೆಕ್ಕಿನ ವಿಮೆ ಬೇರೆ

ಇಲ್ಲೇ ಜನ ಎಡವೋದು. ಹಸುವಿನ ವಿಮೆ ಮುಖ್ಯವಾಗಿ ಹಸು ಸತ್ತರೆ ಪರಿಹಾರ ಕೊಡುತ್ತದೆ. ಕಿವಿ ಓಲೆಯ ನಂಬರೇ ಅದಕ್ಕೆ ಗುರುತು, ಓಲೆ ಇಲ್ಲದಿದ್ದರೆ ಪರಿಹಾರ ಇಲ್ಲ. ಇದರಲ್ಲಿ ಸರ್ಕಾರದ ಸಹಾಯಧನವೂ ಇದೆ. ರಾಷ್ಟ್ರೀಯ ಜಾನುವಾರು ಮಿಷನ್ ನಿಯಮವನ್ನು ಕೇಂದ್ರ 2024ರಲ್ಲಿ ಬದಲಿಸಿ, ಕಂತಿನಲ್ಲಿ ಸಾಕಣೆದಾರರ ಪಾಲನ್ನು ಶೇ. 15ಕ್ಕೆ ಇಳಿಸಿದೆ.

ಬೆಕ್ಕಿಗೆ ಈ ಸಹಾಯಧನ ಇಲ್ಲ. ಕಂತು ಪೂರ್ತಿ ಮಾಲೀಕರದ್ದೇ. ವಿಮೆಯ ಉದ್ದೇಶವೂ ಬೇರೆ: ಆಪರೇಷನ್, ಆಸ್ಪತ್ರೆ ವಾಸ, ದೊಡ್ಡ ಕಾಯಿಲೆಯ ಖರ್ಚು. ಇದರಲ್ಲೂ ಸಾಮಾನ್ಯವಾಗಿ ಮೊದಲು ಕೈಯಿಂದ ದುಡ್ಡು ಕೊಟ್ಟು, ಆಮೇಲೆ ಬಿಲ್ ಕಳಿಸಿ ವಾಪಸ್ ಪಡೆಯಬೇಕು.

ಬಿಲ್ ಎಲ್ಲಿಂದ ತರೋದು?

ತಾಲೂಕು ಕೇಂದ್ರದ ಸರ್ಕಾರಿ ಪಶು ಆಸ್ಪತ್ರೆಯ ಹೆಚ್ಚಿನ ಕೆಲಸ ದನ, ಕುರಿ, ಮೇಕೆಯದ್ದು. ಬೆಕ್ಕನ್ನೂ ನೋಡುತ್ತಾರೆ, ಖರ್ಚೂ ಕಡಿಮೆ. ಆದರೆ ಎಕ್ಸ್‌ರೇ, ರಕ್ತ ಪರೀಕ್ಷೆ ಬೇಕು ಅಂದರೆ ಬಹಳಷ್ಟು ಕಡೆ ಜಿಲ್ಲಾ ಕೇಂದ್ರಕ್ಕೋ, ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನಂಥ ಪಶುವೈದ್ಯಕೀಯ ಕಾಲೇಜಿಗೋ ಹೋಗಬೇಕು. ವಿಮೆ ಉಪಯೋಗಕ್ಕೆ ಬರೋದು ಅಂಥ ಕಡೆಯ ದೊಡ್ಡ ಬಿಲ್‌ಗೆ. ಹೋಗಿ ಬರುವ ಬಾಡಿಗೆ ಗಾಡಿಯ ಖರ್ಚು ಅದರಲ್ಲಿ ಸಾಮಾನ್ಯವಾಗಿ ಸೇರಲ್ಲ.

ಒಂದು ಲೆಕ್ಕ ನೋಡಿ. ಇದು ಉದಾಹರಣೆಗೆ ಹಿಡಿದ ಅಂಕಿ. ಚಿಕಿತ್ಸೆಗೆ ₹14,000 ಆಯಿತು. ಅದರಲ್ಲಿ ₹3,000 ಔಷಧಿ ಬಿಲ್ ಇಲ್ಲದೆ ತಂದದ್ದು. ಉಳಿದದ್ದು ₹11,000. ಪಾಲಿಸಿಯಲ್ಲಿ 'ಶೇ. 20 ಮಾಲೀಕರೇ ಭರಿಸಬೇಕು' ಅಂತ ಇದ್ದರೆ ಕೈಗೆ ಬರೋದು ₹8,800. ಆ ಕಾಯಿಲೆಗೆ ₹6,000 ಅಂತ ಮಿತಿ ಹಾಕಿದ್ದರೆ ಸಿಗೋದು ಅಷ್ಟೇ. ಹಾಗಾಗಿ ಪಾಲಿಸಿಯ ಒಟ್ಟು ಮೊತ್ತ ನೋಡಿ ಖುಷಿಪಡೋದಕ್ಕಿಂತ ಒಳಗಿನ ಮಿತಿ ನೋಡೋದು ಮುಖ್ಯ.

ಸಹಿ ಹಾಕೋ ಮುಂಚೆ ಕೇಳಬೇಕಾದ ಐದು ಪ್ರಶ್ನೆ

1. ಪಾಲಿಸಿ ಮಾಡಿಸಿದ ಎಷ್ಟು ದಿನದ ನಂತರ ಕ್ಲೈಮ್ ಶುರು?
2. ಮೊದಲೇ ಇದ್ದ ಕಾಯಿಲೆಗೆ ಕೊಡ್ತಾರಾ? ಸಾಮಾನ್ಯವಾಗಿ ಇಲ್ಲ.
3. ಲಸಿಕೆ ಹಾಕಿಸದೆ ಬಂದ ರೋಗಕ್ಕೆ ಕೊಡ್ತಾರಾ? ಇದಕ್ಕೂ ಬಹುತೇಕ ಇಲ್ಲ ಅಂತಲೇ ಉತ್ತರ.
4. ಹೊರಗೆ ಓಡಾಡುವ ಬೆಕ್ಕು ಕಳೆದುಹೋದರೆ, ಗಾಡಿಗೆ ಸಿಕ್ಕರೆ ಏನು?
5. ನಮ್ಮ ಬೆಕ್ಕು ಇದೇ ಅಂತ ಸಾಬೀತು ಮಾಡೋದು ಹೇಗೆ? ಫೋಟೋ ಸಾಕಾ, ಮೈಕ್ರೋಚಿಪ್ ಬೇಕಾ?

ಲಸಿಕೆ, ಜಂತು ಔಷಧಿ, ಸಂತಾನಹರಣ ಚಿಕಿತ್ಸೆಯ ಖರ್ಚು ಸಾಮಾನ್ಯವಾಗಿ ವಿಮೆಯಲ್ಲಿ ಬರಲ್ಲ. ಬೆಕ್ಕಿನ ಜೀವ ಉಳಿಸೋದು ಮಾತ್ರ ಹೆಚ್ಚಾಗಿ ಇವೇ. ಮರಿಗಳನ್ನು ವಾಂತಿ, ಭೇದಿಯಿಂದ ಕೆಲವೇ ದಿನದಲ್ಲಿ ಕೊಲ್ಲುವ ಪ್ಯಾನ್‌ಲ್ಯುಕೋಪೀನಿಯ ರೋಗಕ್ಕೆ ಲಸಿಕೆ ಇದೆ. ರೇಬಿಸ್ ಲಸಿಕೆ ಮನೆಯವರ ಜೀವದ ಪ್ರಶ್ನೆಯೂ ಹೌದು, ಯಾಕಂದರೆ ಬೆಕ್ಕು ಕಚ್ಚಿದರೂ ರೇಬಿಸ್ ಬರಬಹುದು.

ಅಂಗಡಿ ಬೆಕ್ಕಿನ ಕಥೆ

ದಿನಸಿ ಅಂಗಡಿ, ಗೋದಾಮಿನಲ್ಲಿ ಇಲಿ ಕಾಟಕ್ಕೆ ಸಾಕಿದ ಬೆಕ್ಕಿಗೆ ವಿಮೆ ಕಷ್ಟವೇ. ವಯಸ್ಸು ಗೊತ್ತಿಲ್ಲ, ಲಸಿಕೆ ಕಾರ್ಡ್ ಇಲ್ಲ, ರಾತ್ರಿಯೆಲ್ಲಾ ಬೀದಿ ಸುತ್ತುತ್ತದೆ. ಅಂಥ ಬೆಕ್ಕಿಗೆ ಕಂತಿನ ದುಡ್ಡನ್ನು ಲಸಿಕೆಗೆ, ಸಂತಾನಹರಣಕ್ಕೆ ಹಾಕೋದೇ ಲಾಭ. ಬೆಕ್ಕು ಇರುವ ಅಂಗಡಿಯಲ್ಲಿ ಇಲಿ ಪಾಷಾಣ ಇಡಬಾರದು. ಪಾಷಾಣ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯುತ್ತದೆ. ಜ್ವರ ಬಂದಿದೆ ಅಂತ ಪ್ಯಾರಾಸಿಟಮಾಲ್ ಕೊಡಲೇಬಾರದು, ಅದು ಬೆಕ್ಕಿಗೆ ವಿಷ.

ಇನ್ನು ದುಡ್ಡು ಕೊಟ್ಟು ತಂದ ಪರ್ಷಿಯನ್‌ನಂಥ ತಳಿಯ ಬೆಕ್ಕು ಮನೆಯೊಳಗೇ ಇದ್ದು, ಒಳ್ಳೆಯ ಕ್ಲಿನಿಕ್ ಹತ್ತಿರದಲ್ಲಿದ್ದು, ಪ್ರತಿ ಖರ್ಚಿಗೂ ಬಿಲ್ ಸಿಗುವಂತಿದ್ದರೆ ವಿಮೆಗೆ ಅರ್ಥ ಇದೆ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿಕೊಂಡರೆ ಅದು ತುರ್ತು ಸ್ಥಿತಿ, ತಡ ಮಾಡಿದರೆ ಜೀವಕ್ಕೇ ಅಪಾಯ. ಅಂಥ ಹೊತ್ತಿನಲ್ಲಿ ಖರ್ಚಿನ ಹೆದರಿಕೆ ಇಲ್ಲದೆ ಆಸ್ಪತ್ರೆಗೆ ಓಡೋಕೆ ವಿಮೆ ಧೈರ್ಯ ಕೊಡುತ್ತದೆ.

ಕ್ಲೈಮ್ ತಿರಸ್ಕರಿಸಿದರೆ

ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ 'ಬಿಮಾ ಭರೋಸಾ' ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು, ಸಹಾಯವಾಣಿ 155255. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ, ಅಲ್ಲಿ ಶುಲ್ಕ ಇಲ್ಲ. ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ಇದೆ.

ಎಲ್ಲಿಗೇ ಹೋದರೂ ಅಲ್ಲಿ ಕೇಳೋದು ಕಾಗದ. ಆದ್ದರಿಂದ ವಿಮೆ ಮಾಡಿಸಲಿ, ಬಿಡಲಿ, ಬೆಕ್ಕು ಸಾಕಿದವರು ಲಸಿಕೆ ಕಾರ್ಡ್ ಮಾಡಿಸಿಕೊಂಡು, ವೈದ್ಯರ ಚೀಟಿ, ಔಷಧಿ ಬಿಲ್ ಒಂದು ಕವರಿನಲ್ಲಿ ಹಾಕಿ ಇಡೋದನ್ನು ಇವತ್ತೇ ಶುರು ಮಾಡೋದು ಒಳ್ಳೆಯದು.