ಕರಾರಿಗೆ ಎರಡು ಕೈ

ಬಿ.ಎ. ಮುಗಿಸಿದವನಿಗೆ ಮೇಷ್ಟರ ಕೆಲಸ, ಇಲ್ಲವೆ ಗುಮಾಸ್ತಗಿರಿ ಎಂದು ನಮ್ಮಲ್ಲಿ ಹಲವರ ಎಣಿಕೆ. ಹೊರಗಿನವರಿಂದ ಸರಕು ತರಿಸುವ ಸಂಸ್ಥೆಗಳಲ್ಲಿ ಕರಾರುಗಳನ್ನು ನೋಡಿಕೊಳ್ಳುವ ಅಧಿಕಾರಿಯೊಬ್ಬನಿರುತ್ತಾನೆ. ಅವನ ಕೆಲಸದ ಕಡೆಗೆ ನಮ್ಮ ದೃಷ್ಟಿ ಹರಿದುದು ಕಡಮೆ.

ನಮ್ಮ ತಂದೆ ಬಡಗಿ. ಒಂದು ಸಂಸ್ಥೆಗೆ ನಲವತ್ತು ಬೆಂಚುಗಳನ್ನು ಮಾಡಿಕೊಟ್ಟರು. ಹೇಳಿದ ದಿನಕ್ಕೆ ಮಾಲು ಹೋಯಿತು. ಹಣ ಬಂದುದು ಎಂಟು ತಿಂಗಳ ಮೇಲೆ. ಮರದಂಗಡಿಯ ಸಾಲಕ್ಕೆ ಬಡ್ಡಿ ತೆತ್ತವರು ನಾವು. ಮಾಲು ತಡವಾದರೆ ದಂಡವೆಂದು ಕರಾರಿನಲ್ಲಿತ್ತು. ಹಣ ತಡವಾದರೆ ಏನೆಂದು ಇರಲಿಲ್ಲ. ಅದನ್ನು ಓದಿ ಹೇಳುವವರು ಆಗ ನಮ್ಮ ಮನೆಯಲ್ಲಿರಲಿಲ್ಲ.

ಕಾನೂನು ಇಲ್ಲವೆಂದಲ್ಲ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯಂತೆ, ನೋಂದಾಯಿತ ಸಣ್ಣ ತಯಾರಕನಿಗೆ ಹಣ ಸಲ್ಲಿಸುವ ಗಡುವು, ಮಾಲು ಒಪ್ಪಿಕೊಂಡಂದಿನಿಂದ 45 ದಿನ ಮೀರುವಂತಿಲ್ಲ. ತಪ್ಪಿದರೆ ರಿಜರ್ವ್ ಬ್ಯಾಂಕು ಸಾರಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆ ನೋಂದಣಿಯ ಸುದ್ದಿಯೇ ನಮ್ಮ ತಂದೆಗೆ ತಿಳಿದಿರಲಿಲ್ಲ. ತಿಳಿದವರೂ ಮುಂದಿನ ಆರ್ಡರು ತಪ್ಪೀತೆಂದು ಅಂಜುತ್ತಾರೆ.

ಆದುದರಿಂದ ನ್ಯಾಯವು ಬಹುಮಟ್ಟಿಗೆ ಮೇಜಿನ ಆಚೆ ಕುಳಿತವನ ಕೈಯಲ್ಲಿದೆ. ದರ ಇಳಿಸುವುದೊಂದೇ ಅವನ ಜಾಣ್ಮೆಯೆಂದರೆ ನಾನು ಒಪ್ಪಲಾರೆ. ಸರಕಿನ ಗುಣ ನೋಡಲಿ, ಲೆಕ್ಕ ಕೇಳಲಿ, ತಪ್ಪಿದರೆ ದಂಡ ಹಾಕಲಿ. ಹಾಗೆಯೇ ಬಿಲ್ಲು ಯಾರ ಮೇಜಿನ ಮೇಲೆ ಕುಳಿತಿದೆಯೆಂದೂ ವಿಚಾರಿಸಲಿ. ಗಮನವಿಟ್ಟು ಓದುವುದು, ಸ್ಪಷ್ಟವಾಗಿ ಬರೆಯುವುದು, ಇವೇ ಅಲ್ಲವೆ ನಾವು ಇಲ್ಲಿ ಕಲಿತುದು?

ಮಿತ್ರರೆ, ಮುಂದೆ ನಮ್ಮಲ್ಲಿ ಯಾರಾದರೂ ಆ ಕುರ್ಚಿಯಲ್ಲಿ ಕುಳಿತರೆ, ಬಾಗಿಲಲ್ಲಿ ನಿಂತ ಬಡಗಿಗೆ “ನಾಳೆ ಬಾ” ಎನ್ನದಿರಲಿ.