ಟಾಯರು ಕೊಳ್ಳುವ ಮೊದಲು ಹೇರಿನ ಲೆಕ್ಕ

(ಒಬ್ಬ ಕೃಷಿ ನಿರೀಕ್ಷಕರಿಂದ)

ಬಿತ್ತುವ ಬೀಜವನ್ನು ಆರಿಸುವಾಗ ನಮ್ಮ ಒಕ್ಕಲಿಗರು ತೋರಿಸುವ ಎಚ್ಚರಿಕೆಯು ಪ್ರಶಂಸನೀಯವಾದುದು. ಕಾಳನ್ನು ಅಂಗೈಯಲ್ಲಿ ಉರುಳಿಸಿ ನೋಡುವರು. ಹಲ್ಲಿನಿಂದ ಕಡಿದು ನೋಡುವರು. ಈ ವರ್ಷದ್ದೋ ಹೋದ ವರ್ಷದ್ದೋ ಎಂದು ಕೇಳುವರು. ಆದರೆ ಅದೇ ಗೃಹಸ್ಥರು ತಮ್ಮ ಪಿಕಪ್ ಗಾಡಿಗೆ ಹೊಸ ಟಾಯರು ಹಾಕಿಸಹೋದಾಗ ಕೇಳುವುದು ಒಂದೇ ಮಾತು: ಜೋಡಿಗೆ ಎಷ್ಟು? ಬೀಜ ಕೆಟ್ಟರೆ ಒಂದು ಬೆಳೆ ಹೋದೀತು. ಟಾಯರು ಕೆಟ್ಟರೆ ಜೀವವೇ ಹೋಗುವ ಪ್ರಸಂಗವುಂಟು. ಆದುದರಿಂದ ಈ ವಿಷಯವನ್ನು ಗ್ರಾಮದ ಮುಖ್ಯಸ್ಥರ ಮುಂದೂ ಭೂಮಾಲೀಕರ ಮುಂದೂ ಇಡಬೇಕೆನಿಸಿತು.

ಸೂಡಿ, ರೋಣ, ಗಜೇಂದ್ರಗಡಗಳ ಸೀಮೆಯಲ್ಲಿ ಚಕ್ಕಡಿಯು ಮಾಡುತ್ತಿದ್ದ ಕೆಲಸವನ್ನು ಈಗ ಬಹುಮಟ್ಟಿಗೆ ಟ್ರ್ಯಾಕ್ಟರೂ ಪಿಕಪ್ ಗಾಡಿಯೂ ಹಂಚಿಕೊಂಡಿವೆ. ಉಳ್ಳಾಗಡ್ಡಿ, ಕಡಲೆ, ಹೆಸರು, ಒಣಮೆಣಸಿನಕಾಯಿ ಇವು ಪಿಕಪ್ಪಿನಲ್ಲಿ ಗದಗಿನ ಪೇಟೆಗೆ ಹೋಗುತ್ತವೆ. ಕೆಲವರು ಅದರ ಹಿಂದೆ ಸಣ್ಣ ಟ್ರೇಲರನ್ನಾಗಲಿ ನೀರಿನ ಟ್ಯಾಂಕನ್ನಾಗಲಿ ಕಟ್ಟಿ ಎಳೆಯಿಸುವುದೂ ಉಂಟು. ಕೆಲವು ವರ್ಷಗಳ ಹಿಂದೆ ಸುಗ್ಗಿಯಲ್ಲಿ ಸೂಡಿಯ ಸಮೀಪ ಇಂಥ ಒಂದು ಗಾಡಿಯ ಹಿಂದಿನ ಟಾಯರು ನನ್ನ ಕಣ್ಣೆದುರಿಗೇ ಸಿಡಿಯಿತು. ಟ್ರೇಲರು ಅಡ್ಡ ತಿರುಗಿತು; ಚೀಲಗಳ ಮೇಲೆ ಕುಳಿತಿದ್ದ ಕೂಲಿಯ ಹೆಣ್ಣುಮಗಳೊಬ್ಬಳು ಕೆಳಗೆ ಬಿದ್ದು ಕೈ ಮುರಿದುಕೊಂಡಳು. ಮಾಲೀಕರು ಟಾಯರಿನ ಉಬ್ಬುಗೆರೆಗಳನ್ನು ತೋರಿಸಿ, "ಬಟನ್ ಇನ್ನೂ ಹೊಸಾದರ ಹಂಗ ಅದಾವಲ್ರೀ ಸಾಹೇಬ್ರ" ಎಂದರು. ಅದು ನಿಜವೇ ಆಗಿತ್ತು. ಆದರೆ ಟಾಯರಿನ ಪಕ್ಕೆಯ ಮೇಲೆ ಅಚ್ಚಾಗಿದ್ದ ಎರಡು ಸಂಗತಿಗಳನ್ನು ಅವರು ಎಂದೂ ಓದಿರಲಿಲ್ಲ: ಅದು ಹೊರುವ ಭಾರ ಮತ್ತು ಅದರ ವಯಸ್ಸು.

ಮೊದಲು ಭಾರದ ಮಾತು. ಚಕ್ಕಡಿಯಲ್ಲಿ ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುವುದು. ಹಿಂಭಾರ ಹೆಚ್ಚಾದರೆ ನೊಗ ಮೇಲೆದ್ದು ಕೊರಳು ಬಿಗಿಯುವುದು. ಇದನ್ನರಿಯದ ಒಕ್ಕಲಿಗನಿಲ್ಲ. ಎರಡು ಗಾಲಿಯ ಟ್ರೇಲರಿಗೂ ಇದೇ ನಿಯಮ. ಎತ್ತಿನ ಹೆಗಲಿನ ಸ್ಥಾನದಲ್ಲಿ ಇಲ್ಲಿ ಗಾಡಿಯ ಕೊಕ್ಕೆಯಿದೆ. ಸರಿಯಾಗಿ ಹೇರಿದ ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ ೧೦ರಿಂದ ೧೫ರಷ್ಟು ಕೊಕ್ಕೆಯ ಮೇಲೆ ಬೀಳತಕ್ಕದ್ದು. ಹೇರು ಸಹಿತ ೧,೦೦೦ ಕಿಲೋ ತೂಗುವ ಟ್ರೇಲರಿನಿಂದ ೧೫೦ ಕಿಲೋ ಬೀಳುವುದೆಂದಿಟ್ಟುಕೊಳ್ಳಿರಿ. ಕೊಕ್ಕೆಯು ಹಿಂದಿನ ಅಚ್ಚಿನಿಂದ ೧.೨ ಮೀಟರು ಹಿಂದಿದ್ದು, ಗಾಡಿಯ ಎರಡು ಅಚ್ಚುಗಳ ನಡುವೆ ೩ ಮೀಟರು ಅಂತರವಿದ್ದರೆ, ಸನ್ನೆಗೋಲಿನ ನ್ಯಾಯದಂತೆ ಹಿಂದಿನ ಅಚ್ಚಿಗೆ ೧೫೦ ಅಲ್ಲ, ೨೧೦ ಕಿಲೋ ಕೂಡುತ್ತದೆ. ಮುಂದಿನ ಅಚ್ಚು ೬೦ ಕಿಲೋ ಹಗುರಾಗುತ್ತದೆ.

ಇನ್ನು ಟಾಯರಿನ ಪಕ್ಕೆಯನ್ನು ನೋಡೋಣ. ಅಳತೆಯನ್ನು ಬರೆದ ಮೇಲೆ ಎರಡು ಅಥವಾ ಮೂರು ಅಂಕಿಗಳ ಒಂದು ಸಂಖ್ಯೆ, ಅದರ ಬದಿಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತವೆ. ಸಂಖ್ಯೆಯು ಭಾರದ ಸಂಕೇತ, ಅಕ್ಷರವು ವೇಗದ ಸಂಕೇತ. ಒಂದೊಂದು ಟಾಯರು ಹೊರಬಹುದಾದ ಭಾರವು ೧೦೦ಕ್ಕೆ ೮೦೦ ಕಿಲೋ, ೧೦೮ಕ್ಕೆ ೧,೦೦೦, ೧೧೨ಕ್ಕೆ ೧,೧೨೦, ೧೧೫ಕ್ಕೆ ೧,೨೧೫, ೧೨೧ಕ್ಕೆ ೧,೪೫೦ ಕಿಲೋ. ಗೆರೆ ಎಳೆದು ಎರಡು ಸಂಖ್ಯೆ ಬರೆದಿದ್ದರೆ ಮೊದಲನೆಯದು ಒಂಟಿ ಗಾಲಿಗೆ, ಎರಡನೆಯದು ಜೋಡುಗಾಲಿಗೆ ಸಂಬಂಧಿಸಿದ್ದು.

ಹೇರಿದ ಗಾಡಿಯ ಹಿಂದಿನ ಗಾಲಿಗಳನ್ನಷ್ಟೇ ತೂಕದ ಕಾಟಾದ ಮೇಲೆ ನಿಲ್ಲಿಸಿದಾಗ ೨,೧೦೦ ಕಿಲೋ ಬಂದಿತೆನ್ನಿರಿ. ೧೧೨ರ ಎರಡು ಟಾಯರುಗಳು ೨,೨೪೦ ಕಿಲೋ ಹೊರುವುದರಿಂದ ಚಿಂತೆಯಿಲ್ಲ. ಮೇಲೆ ಹೇಳಿದ ಟ್ರೇಲರನ್ನು ಕಟ್ಟಿದ ಕೂಡಲೆ ತೂಕ ೨,೩೧೦ ಆಗುವುದು. ಟಾಯರು ತನ್ನ ಶಕ್ತಿಯನ್ನು ಮೀರಿತು. ಕಣ್ಣಿಗೆ ಯಾವ ಭೇದವೂ ಕಾಣದು. ೧೧೫ರ ಜೋಡಿಯಾದರೋ ೨,೪೩೦ ಕಿಲೋ ತಡೆಯುತ್ತದೆ. ನನ್ನ ಅಭಿಪ್ರಾಯದ ತಿರುಳು ಇಷ್ಟೇ: ಎಳೆಯುವ ಗಾಡಿಗೆ ಟಾಯರನ್ನು ಆರಿಸುವಾಗ ಟ್ರೇಲರಿನ ಲೆಕ್ಕವನ್ನು ಸೇರಿಸಿಯೇ ಆರಿಸತಕ್ಕದ್ದು. ಆದರೆ ಗಟ್ಟಿ ಟಾಯರು ಹಾಕಿದ ಮಾತ್ರಕ್ಕೆ ಗಾಡಿಯ ಶಕ್ತಿ ಹೆಚ್ಚಾಗದು. ತಯಾರಕರ ಪುಸ್ತಕದಲ್ಲಿ ಟ್ರೇಲರು ಎಳೆಯಲು ಸಮ್ಮತಿ ಇಲ್ಲದಿದ್ದರೆ ಎಳೆಯಿಸಲೇ ಕೂಡದು. ಇದ್ದರೆ ಅಲ್ಲಿ ಹೇಳಿದ ಮಿತಿಯನ್ನು ದಾಟಕೂಡದು.

ಎರಡನೆಯದು ವಯಸ್ಸು. ಪಕ್ಕೆಯ ಮೇಲಿನ ತಯಾರಿಕೆಯ ಗುರುತಿನ ಕೊನೆಗೆ ನಾಲ್ಕು ಅಂಕಿಗಳಿವೆ. ೨೩೨೪ ಎಂದಿದ್ದರೆ ೨೦೨೪ನೆಯ ಇಸವಿಯ ೨೩ನೆಯ ವಾರದಲ್ಲಿ ಹುಟ್ಟಿದ ಟಾಯರು ಎಂದರ್ಥ. ರಬ್ಬರು ಬಿಸಿಲಿಗೂ ಗಾಳಿಗೂ ಮುದಿಯಾಗುತ್ತದೆ; ಗಾಡಿ ಓಡದೆ ಕೊಟ್ಟಿಗೆಯಲ್ಲಿ ನಿಂತರೂ ಅದು ತಪ್ಪದು. ವರ್ಷದಲ್ಲಿ ಸುಗ್ಗಿಯ ಎರಡು ಮೂರು ತಿಂಗಳಷ್ಟೇ ದುಡಿಯುವ ನಮ್ಮ ಗಾಡಿಗಳಲ್ಲಿ ಬಟನ್ ಸವೆಯುವ ಮೊದಲೇ ಟಾಯರು ಮುದಿಯಾಗುವುದು ಇದೇ ಕಾರಣದಿಂದ. ಐದು ವರ್ಷ ತುಂಬಿದ ಟಾಯರನ್ನು ವರ್ಷವರ್ಷವೂ ತಿಳಿದವರಿಗೆ ತೋರಿಸತಕ್ಕದ್ದು. ಪಕ್ಕೆಯಲ್ಲಿ ಬಿರುಕು ಅಥವಾ ಉಬ್ಬು ಕಂಡರೆ ಬಟನ್ ಎಷ್ಟೇ ಇದ್ದರೂ ತೆಗೆದುಬಿಡುವುದು ಲೇಸು. ಬಟನ್ನಿನ ಆಳ ೧.೬ ಮಿಲಿಮೀಟರಿಗೆ ಇಳಿದರೆ, ವಯಸ್ಸು ಎಷ್ಟೇ ಇರಲಿ, ಅದರ ಕಾಲ ಮುಗಿಯಿತು.

ಮೈಯ ವಿನ್ಯಾಸದ ಬಗ್ಗೆಯೂ ಒಂದು ಮಾತು. ಎರೆಯ ಕೆಸರಿಗೆಂದು ದೊಡ್ಡ ಅಡ್ಡಗೆರೆಗಳ ಟಾಯರು ಹಾಕಿಸುವವರುಂಟು. ನಮ್ಮ ಕರಿ ಎರೆಯು ಮಳೆ ಬಿದ್ದೊಡನೆ ಅಂಟಾಗಿ ಆ ಗೆರೆಗಳನ್ನೂ ತುಂಬಿಬಿಡುತ್ತದೆ. ವರ್ಷದ ಹತ್ತು ದಿನಗಳ ಕೆಸರಿಗಾಗಿ ಉಳಿದ ದಿನಗಳ ಡಾಂಬರು ರಸ್ತೆಯನ್ನು ಮರೆಯುವುದು ಜಾಣತನವಲ್ಲ. ಹಸಿ ಹೊಲದೊಳಗಿಂದ ಚೀಲಗಳನ್ನು ಟ್ರ್ಯಾಕ್ಟರಾಗಲಿ ಚಕ್ಕಡಿಯಾಗಲಿ ತರಲಿ. ಪಿಕಪ್ಪು ರಸ್ತೆಯ ಮೇಲೆ ಕಾಯಲಿ.

ಒಂದು ಅಚ್ಚಿನ ಎರಡೂ ಟಾಯರುಗಳನ್ನು ಒಟ್ಟಿಗೇ ಬದಲಿಸಿ, ಒಂದೇ ಅಳತೆಯ ಒಂದೇ ಜಾತಿಯವನ್ನು ಹಾಕಿಸಬೇಕು. ಐ.ಎಸ್.ಐ. ಗುರುತನ್ನು ನೋಡಿಕೊಳ್ಳಬೇಕು. ಟ್ರೇಲರಿನ ಟಾಯರುಗಳನ್ನೂ ಇದೇ ರೀತಿ ಪರೀಕ್ಷಿಸಬೇಕು. ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮುನ್ನ ನೋಡಬೇಕು. ಓಡಿ ಬಿಸಿಯಾದ ಟಾಯರಿನಿಂದ ಗಾಳಿ ಬಿಡಬಾರದು. ಗಾಳಿ ಕಡಿಮೆಯಿದ್ದರೆ ಪಕ್ಕೆಯು ಮಡಚಿ ಮಡಚಿ ಕಾಯುತ್ತದೆ; ಆಗ ೧೧೫ರ ಟಾಯರೂ ತನ್ನ ಭಾರವನ್ನು ಹೊರಲಾರದು.

ಹೊಸ ಮೈ ಕಟ್ಟಿದ ಹಳೆಯ ಟಾಯರು ಅಗ್ಗವಾಗಿ ಸಿಕ್ಕುವಾಗ ಇಷ್ಟು ವೆಚ್ಚವೇಕೆ ಎಂದು ಕೆಲವರು ಕೇಳಬಹುದು. ಉಳ್ಳಾಗಡ್ಡಿಯ ಧಾರಣೆ ಬಿದ್ದ ವರ್ಷ ಕೈ ಬಿಗಿಯಾಗಿರುವುದನ್ನು ನಾನು ಬಲ್ಲೆ. ಅಂಥ ವರ್ಷ ಟ್ರೇಲರನ್ನು ಬಿಚ್ಚಿಟ್ಟು ಎರಡು ಸಲ ಹೋಗಿಬರುವುದು ಮೇಲು. ಎಣ್ಣೆಯ ವೆಚ್ಚ ಹೆಚ್ಚಾದೀತು, ಆದರೆ ಅದು ಮುಂದಿನ ಬೆಳೆಯಲ್ಲಿ ತೀರುವ ವೆಚ್ಚ.

ಗ್ರಾಮದ ಹಿರಿಯರಲ್ಲಿ ಕೊನೆಯದಾಗಿ ಒಂದು ವಿನಂತಿ. ಗಾಡಿ ಮಾಲೀಕರದು, ಮಾಲು ಮಾಲೀಕರದು. ಆದರೆ ಚೀಲಗಳ ಮೇಲೆ ಕುಳಿತು ಹೋಗುವವರು ಅನ್ಯರ ಮಕ್ಕಳು. ಹೇರಿನ ಮೇಲೆ ಜನರನ್ನು ಕೂಡ್ರಿಸುವುದು ಕಾಯಿದೆಗೆ ವಿರುದ್ಧ. ಆ ರೂಢಿಯನ್ನು ಊರೊಳಗೆ ನಿಲ್ಲಿಸಲು ತಮ್ಮ ಒಂದು ಮಾತು ಸಾಕು. ಸುಗ್ಗಿಗೆ ಮೊದಲು ಒಂದು ದಿನ ಊರಿನ ಗಾಡಿಗಳನ್ನೆಲ್ಲ ಚಾವಡಿಯ ಮುಂದೆ ನಿಲ್ಲಿಸಿ, ಓದಬಲ್ಲ ಹುಡುಗನೊಬ್ಬನಿಂದ ಪ್ರತಿಯೊಂದು ಟಾಯರಿನ ಭಾರವನ್ನೂ ವಯಸ್ಸನ್ನೂ ಬರೆಯಿಸಿರಿ. ಅದಕ್ಕೆ ಒಂದು ಕಾಗದ, ಒಂದು ಮುಂಜಾನೆ ಸಾಕು.